ದೇಹ ಅದಲುಬದಲಾದರೆ ಪ್ರೀತಿ ಯಾರದು?

ಪ್ರಶ್ನೆ (ಜಯನಗರ, ಬೆಂಗಳೂರು):
2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ, ಆರು ಕಂತುಗಳ ಜಪಾನೀ ಧಾರಾವಾಹಿ ‘ಸ್ವಿಚ್ಡ್’ ನೋಡಿದೆ. ಸಹಪಾಠಿ ಝೆಂಕೊ ನಾಯಕಿ ಆಯುಮಿಯ ದೇಹವನ್ನು ಕಸಿದುಕೊಂಡ ಮೇಲೆ, ಹಲವರು ಮುಖವನ್ನೇ ನಂಬಿ ಮೋಸಹೋದಾಗ, ಇನ್ನೊಬ್ಬ ಸಹಪಾಠಿ ಕಾಗಾ ನಿಜವಾದ ಆಯುಮಿಯನ್ನು ಗುರುತಿಸುತ್ತಾನೆ. ಹಾಗಾದರೆ ನಾವು ಪ್ರೀತಿಸುವುದು ಮನಸ್ಸನ್ನು ಮಾತ್ರವೇ?

ಉತ್ತರ (ಮಲ್ಲೇಶ್ವರ):
ಮನಸ್ಸು ಕಾಣಿಸುವುದು ನಡೆನುಡಿಯಲ್ಲಿ, ನಡೆನುಡಿಗೆ ದೇಹ ಬೇಕೇ ಬೇಕು, ಮೇಡಂ. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ನನ್ನ ಮನ ಕಲಕಿದವಳು ಝೆಂಕೊ: ಚೆಲುವಾದ ಮುಖ ಸಿಕ್ಕರೂ ಅವಳ ಒಂಟಿತನ ನೀಗಲಿಲ್ಲ.

ಉತ್ತರ (ಬಸವನಗುಡಿ):
ಕಾರ್ನಾಡರ ‘ಹಯವದನ’ ನಾಟಕವನ್ನು ಇದರ ಜೊತೆಗಿಟ್ಟು ನೋಡಿ. ಗಂಡ ದೇವದತ್ತನ ತಲೆ ಅವನ ಗೆಳೆಯ ಕಪಿಲನ ಮುಂಡಕ್ಕೆ ಸೇರಿದಾಗ ಪದ್ಮಿನಿಗೆ ಬಯಸಿದ್ದೆಲ್ಲ ಸಿಕ್ಕಂತಾಗುತ್ತದೆ. ಆದರೆ ದಿನ ಕಳೆದಂತೆ ಆ ಗಟ್ಟಿಮುಟ್ಟಾದ ಮೈ ತಲೆಗೆ ತಕ್ಕಂತೆ ಮೆತ್ತಗಾಗುತ್ತದೆ, ಅವಳು ಕಪಿಲನನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾಳೆ. ಮನಸ್ಸೊಂದೇ ಸಾಕಾಗಿದ್ದರೆ ಅವಳೇಕೆ ಹೋಗುತ್ತಿದ್ದಳು?