ಚಿಕೂನ್‌ಗುನ್ಯಾ ಬಂದು ಎಂಟು ತಿಂಗಳು: ಎಕ್ಸ್‌ರೇಯಲ್ಲಿ ಕಾಣದ ಬಾವು ಬೇರೆ ಸ್ಕ್ಯಾನ್‌ನಲ್ಲಿ ಕಾಣುತ್ತದೆಯೇ?

ಬೆಟಗೇರಿಯ ಮಗಳು:
ನಮ್ಮ ಅವ್ವನಿಗೆ 58 ವರ್ಷ, ಬೆಟಗೇರಿಯಲ್ಲಿ ಸೀರೆ ನೇಯುತ್ತಾಳೆ. ಕಳೆದ ಮಳೆಗಾಲದಲ್ಲಿ ಚಿಕೂನ್‌ಗುನ್ಯಾ ಬಂತು. ಜ್ವರ ಐದೇ ದಿನಕ್ಕೆ ಇಳಿಯಿತು, ಕೈ ನೋವು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ. ಎಳೆ ಹರಿದರೆ ಗಂಟು ಹಾಕಲು ನನ್ನನ್ನು ಕೂಗುತ್ತಾಳೆ. ನಲವತ್ತು ವರ್ಷ ಮಗ್ಗದಲ್ಲಿ ಕುಳಿತವಳು ಎಳೆ ಕೂಡಿಸಲು ಇನ್ನೊಬ್ಬರನ್ನು ಕರೆದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಎಕ್ಸ್‌ರೇ ನೋಡಿದವರು ‘ಏನೂ ಇಲ್ಲ, ವಯಸ್ಸಾಯಿತು’ ಎಂದರು. ಮಣಿಕಟ್ಟು ಊದಿರುವುದು ನನ್ನ ಕಣ್ಣಿಗೇ ಕಾಣುತ್ತಿದೆ! ಪೆಟ್ ಸ್ಕ್ಯಾನ್ ಮಾಡಿಸಿದರೆ ಇಡೀ ಮೈಯ ಉರಿಯೂತ ತಿಳಿಯುತ್ತದೆ ಎನ್ನುತ್ತಾರೆ ನಮ್ಮ ಕಾಕಾ. ಯಾವುದನ್ನು ಮಾಡಿಸಲಿ?

ಸ್ಕ್ಯಾನಿಂಗ್ ಕೋಣೆ, ಹುಬ್ಬಳ್ಳಿ:
ತಂಗಿ, ಎಕ್ಸ್‌ರೇ ಮುಖ್ಯವಾಗಿ ಮೂಳೆಯನ್ನು ತೋರಿಸುತ್ತದೆ. ಚಿಕೂನ್‌ಗುನ್ಯಾದ ಬಾವು ಹೆಚ್ಚಾಗಿ ಕೀಲಿನ ಒಳಪೊರೆಯಲ್ಲಿ, ಸ್ನಾಯುರಜ್ಜುಗಳ ಸುತ್ತಲಿನ ಕವಚದಲ್ಲಿ ಇರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ‘ಪವರ್ ಡಾಪ್ಲರ್’ ಎಂಬ ವಿಧಾನವಿದೆ, ಅದನ್ನು ಹೆಸರು ಹೇಳಿ ಕೇಳಿ. ಉರಿಯೂತವಿದ್ದಲ್ಲಿ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಹೊಸವೂ ಹುಟ್ಟುತ್ತವೆ. ಅಲ್ಲಿನ ರಕ್ತದ ಓಡಾಟ ಕಪ್ಪುಬಿಳುಪು ಚಿತ್ರದ ಮೇಲೆ ಕೆಂಪು, ಕಿತ್ತಳೆ ಚುಕ್ಕೆಗಳಾಗಿ ಮೂಡುತ್ತದೆ. ಚರ್ಮದ ಮೇಲೆ ಆಡಿಸುವ ಸಾಧನವಾದ ಪ್ರೋಬ್ ಅನ್ನು ಒತ್ತಿ ಹಿಡಿದರೆ ಆ ನಾಳಗಳು ಮುಚ್ಚಿ ಚುಕ್ಕೆಗಳೇ ಮಾಯವಾಗುತ್ತವೆ. ಅದಕ್ಕೇ ನಾನು ಜೆಲ್ ದಪ್ಪಗೆ ಹಚ್ಚಿ, ಚರ್ಮದ ಮೇಲೆ ತೇಲಿಸಿದಂತೆ ಹಿಡಿಯುತ್ತೇನೆ. ಕೈ ತಣ್ಣಗಿದ್ದರೂ ಚುಕ್ಕೆಗಳು ಕಡಿಮೆ. ನೋವಿನ ಮಾತ್ರೆ, ಸ್ಟೀರಾಯ್ಡ್ ನಡೆಯುತ್ತಿದ್ದರೆ ಮೊದಲೇ ತಿಳಿಸಿ. ಅವು ಉರಿಯೂತವನ್ನು ಅಡಗಿಸಿ ಚಿತ್ರವನ್ನು ಬದಲಿಸುತ್ತವೆ. ಹಾಗೆಂದು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಚಿತ್ರದಲ್ಲಿ ಕಾಣುವುದು ಉರಿಯೂತ, ವೈರಸ್ ಅಲ್ಲ. ಇದು ಚಿಕೂನ್‌ಗುನ್ಯಾದ ಉಳಿಕೆಯೋ ರುಮಟಾಯ್ಡ್ ಸಂಧಿವಾತವೋ ಎಂದು ತಿಳಿಯಲು ರಕ್ತಪರೀಕ್ಷೆಯೂ ಬೇಕು. ಅನುಮಾನ ಉಳಿದರೆ ಎಂಆರ್‌ಐ. ಮೂಳೆಯ ಮಜ್ಜೆಯೊಳಗಿನ ನೀರನ್ನೂ ಅದು ತೋರಿಸುತ್ತದೆ. ‘ವಯಸ್ಸಾಯಿತು’ ಎಂಬ ಮಾತಿಗೆ ಸುಮ್ಮನಾಗಬೇಡಿ.

ಭೌತಶಾಸ್ತ್ರದ ಮಾಸ್ತರ, ಧಾರವಾಡ:
ಕಾಕಾ ಹೇಳಿದ್ದು ಸುಳ್ಳಲ್ಲ. ಪೆಟ್ ಸ್ಕ್ಯಾನ್‌ಗೆ ಫ್ಲೋರಿನ್-18 ಎಂಬ ವಿಕಿರಣಶೀಲ ಧಾತು ಬೆರೆಸಿದ, ಗ್ಲೂಕೋಸ್‌ನಂಥ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಉರಿಯೂತದಲ್ಲಿ ಕೆರಳಿದ ಬಿಳಿ ರಕ್ತಕಣಗಳಿಗೆ ಗ್ಲೂಕೋಸ್ ಹಸಿವು ಹೆಚ್ಚು. ಅವು ಇರುವಲ್ಲಿ ಚಿತ್ರದಲ್ಲಿ ಬೆಳಕು. ಆದರೆ ಕ್ಯಾನ್ಸರ್ ಗಡ್ಡೆಯೂ ಹಾಗೆಯೇ ಬೆಳಗುತ್ತದೆ, ಮಿದುಳಂತೂ ಸದಾ ಬೆಳಗುತ್ತದೆ. ಕೋವಿಡ್ ಲಸಿಕೆ ಪಡೆದವರ ಕಂಕುಳಿನ ಗ್ರಂಥಿಗಳು ಬೆಳಗಿ ಎಷ್ಟೋ ವೈದ್ಯರನ್ನು ಗೊಂದಲಕ್ಕೆ ಕೆಡವಿದವು. ಆ ಫ್ಲೋರಿನ್ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ದಾಸ್ತಾನು ಇಡಲಾಗದು, ಖರ್ಚು ದೊಡ್ಡದು, ವಿಕಿರಣವೂ ಇದೆ. ಒಂದು ಮಣಿಕಟ್ಟಿಗಾಗಿ ಅಷ್ಟೆಲ್ಲ ಬೇಡ.

ಬೆಟಗೇರಿಯ ಮಗಳು:
ನಿನ್ನೆ ಹುಬ್ಬಳ್ಳಿಗೆ ಹೋಗಿ ಡಾಪ್ಲರ್ ಮಾಡಿಸಿದೆವು. ಬೆರಳಿನ ಕೀಲುಗಳಲ್ಲಿ ಅಷ್ಟಿಲ್ಲ. ಮಣಿಕಟ್ಟಿನ ಹಿಂಬದಿಯ ರಜ್ಜುಗಳ ಸುತ್ತ ನೀರು, ನಡುವೆ ಕೆಂಪು ಚುಕ್ಕೆಗಳು ನಾಡಿಯ ಜೊತೆ ಮಿನುಗುತ್ತಿದ್ದವು. ಅವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ಹಾಗಾದರೆ ನಾನು ಸುಳ್ಳು ನೋವು ಹೇಳುತ್ತಿರಲಿಲ್ಲ’ ಎಂದಳು. ನಾನು ಒಮ್ಮೆಯೂ ಹಾಗೆ ಅಂದಿರಲಿಲ್ಲ, ಯಾರು ಅಂದಿದ್ದರೋ. ರಕ್ತ ಕೊಟ್ಟು ಬಂದಿದ್ದೇವೆ, ಸೋಮವಾರ ಸಂಧಿವಾತ ತಜ್ಞರನ್ನು ಕಾಣುತ್ತೇವೆ. ಅಣ್ಣಾ, ಚಿಕಿತ್ಸೆ ಶುರುವಾದ ಮೇಲೆ ಇದೇ ಜಾಗವನ್ನು ಎಷ್ಟು ದಿನ ಬಿಟ್ಟು ಮತ್ತೆ ನೋಡಿಸಬೇಕು?