ದುಡ್ಡು ಕೊಟ್ಟು ಕೊಂಡ ಹಾಡು ತೆರೆಯುತ್ತಿಲ್ಲ, ಗೆಳೆಯರು ಕೊಟ್ಟ ಎಂಪಿ3 ಹಾಡುತ್ತಿದೆ. ಯಾಕೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮಣ್ಣ 2004ರಿಂದ 2008ರವರೆಗೆ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ. ಹೋದ ತಿಂಗಳು ಶಿವಮೊಗ್ಗಕ್ಕೆ ಬಂದಾಗ ತನ್ನ ಹಳೇ ಹಾರ್ಡ್ ಡಿಸ್ಕ್ ಒಂದನ್ನು ಅಮ್ಮನಿಗೆ ಕೊಟ್ಟು ಹೋಗಿದ್ದಾನೆ, ಹಾಡು ಕೇಳು ಅಂತ. ಅದರಲ್ಲಿ ಎರಡು ಫೋಲ್ಡರ್ ಇವೆ. ಒಂದರಲ್ಲಿ ಆಗಿನ ಒಂದು ಆನ್‌ಲೈನ್ ಅಂಗಡಿಯಿಂದ ಅವನು ದುಡ್ಡು ಕೊಟ್ಟು ಕೊಂಡ 212 ಹಾಡು. ಹೆಚ್ಚಿನವು ಕೊಳಲು, ಸರೋದ್. ಅಮ್ಮನಿಗೆ ಕೊಳಲು ಅಂದರೆ ಪ್ರಾಣ. ಇನ್ನೊಂದರಲ್ಲಿ ರೂಮಿನ ಗೆಳೆಯರು ಹಂಚಿಕೊಂಡ ಎಂಪಿ3ಗಳು.

ಎಂಪಿ3 ಎಲ್ಲ ಕಡೆ ಹಾಡುತ್ತಿವೆ. ಲ್ಯಾಪ್‌ಟಾಪಿನಲ್ಲಿ, ಟಿವಿಯಲ್ಲಿ, ಅಡುಗೆಮನೆ ಕಿಟಕಿಯಲ್ಲಿ ಇಟ್ಟಿರುವ ಪುಟ್ಟ ಸ್ಪೀಕರಿನಲ್ಲಿ ಕೂಡ. ಕೊಂಡ ಹಾಡು ಮಾತ್ರ ಒಂದೂ ಇಲ್ಲ. ಒತ್ತಿದರೆ ಬೂದು ಬಣ್ಣದ ಸಣ್ಣ ಚೌಕ ಬಂದು ಲೈಸೆನ್ಸ್ ಬೇಕು ಅನ್ನುತ್ತದೆ. ಓಕೆ ಒತ್ತಿದರೆ ಬ್ರೌಸರ್ ತೆರೆಯುತ್ತದೆ, ಪುಟ ಖಾಲಿ. ಆ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯಿತಂತೆ. ಫೈಲಿನ ಸೈಜ್ ಸರಿಯಾಗಿದೆ, ಹೆಸರಿದೆ, ಆಲ್ಬಂ ಚಿತ್ರ ಕೂಡ ಕಾಣುತ್ತದೆ. ಹಾಡು ಒಳಗೇ ಕೂತಿದೆ, ಹೊರಗೆ ಬರುತ್ತಿಲ್ಲ.

ಅಮ್ಮ ಕೇಳಿದ್ದು ಒಂದೇ ಮಾತು. "ಸುಮ್ನೆ ಬಂದಿದ್ದು ಹಾಡುತ್ತೆ, ದುಡ್ಡು ಕೊಟ್ಟಿದ್ದು ಹಾಡಲ್ಲ, ಇದ್ಯಾವ ನ್ಯಾಯ ಕಣೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ತೆರೆಯಲು ದಾರಿ ಇದೆಯಾ? ಮತ್ತೆ, ಎಂಪಿ3 ಓಪನ್, ಅಂದರೆ ಎಲ್ಲರಿಗೂ ಮುಕ್ತ, ಆಗಿದ್ದಕ್ಕೇ ಉಳಿದುಕೊಂಡಿತು ಅಂತ ಅಣ್ಣ ಹೇಳುತ್ತಾನೆ, ಅದು ನಿಜವಾ?

ರಾಗಿಮುದ್ದೆ

ನಿಮ್ಮ ಫೈಲುಗಳಿಗೆ ಹಾಕಿರುವುದು ಡಿಆರ್‌ಎಂ ಬೀಗ. ಹಾಡು ನಿಮ್ಮ ಡಿಸ್ಕಿನಲ್ಲಿದೆ, ಬೀಗದ ಕೈ ಮಾತ್ರ ಅಂಗಡಿಯವರ ಸರ್ವರಿನಲ್ಲಿ ಇರುತ್ತಿತ್ತು. ಹೊಸ ಕಂಪ್ಯೂಟರಿಗೆ ಹಾಡು ಹಾಕಿದಾಗೆಲ್ಲ ಪ್ಲೇಯರ್ ಆ ಸರ್ವರನ್ನು ಕೇಳಬೇಕು. ಸರ್ವರ್ ಆರಿಸಿದರೆ ಕೈ ಕೊಡುವವರು ಯಾರೂ ಇಲ್ಲ.

ಇದು ನಿಮ್ಮಣ್ಣನಿಗೆ ಒಬ್ಬನಿಗೇ ಆಗಿದ್ದಲ್ಲ. ಮೈಕ್ರೋಸಾಫ್ಟ್ 2004ರಲ್ಲಿ ಪ್ಲೇಸ್‌ಫಾರ್‌ಶ್ಯೂರ್ ಅಂತ ಒಂದು ಗುರುತು ತಂದಿತು. ಆ ಗುರುತಿರುವ ಅಂಗಡಿಯ ಹಾಡು ಆ ಗುರುತಿರುವ ಪ್ಲೇಯರಿನಲ್ಲಿ ಖಂಡಿತ ಹಾಡುತ್ತದೆ ಅನ್ನುವುದೇ ಅದರ ಮಾತು. ಎರಡೇ ವರ್ಷಕ್ಕೆ, 2006ರ ನವೆಂಬರಿನಲ್ಲಿ, ಅದೇ ಕಂಪನಿ ಜ್ಯೂನ್ ಅನ್ನುವ ಪ್ಲೇಯರ್ ಬಿಟ್ಟಿತು. ಅದರಲ್ಲಿ ಪ್ಲೇಸ್‌ಫಾರ್‌ಶ್ಯೂರ್ ಹಾಡು ಹಾಡುತ್ತಿರಲಿಲ್ಲ, ಅವರದೇ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯಲ್ಲಿ ಕೊಂಡಿದ್ದು ಕೂಡ. 2008ರ ಏಪ್ರಿಲಿನಲ್ಲಿ ಇನ್ನೊಂದು ಸುದ್ದಿ ಬಂತು. ಎಂಎಸ್‌ಎನ್ ಮ್ಯೂಸಿಕ್ ಹಾಡುಗಳಿಗೆ ಬೀಗದ ಕೈ ಕೊಡುವ ಸರ್ವರನ್ನು ಆಗಸ್ಟ್ ಕೊನೆಗೆ ಆರಿಸುತ್ತೇವೆ ಅಂದರು. ಜನ ರೊಚ್ಚಿಗೆದ್ದ ಮೇಲೆ 2011ರವರೆಗೆ ಮುಂದೂಡಿದರು. ಯಾಹೂ ಮ್ಯೂಸಿಕ್ ಅಂಗಡಿಯೂ ಅದೇ ವರ್ಷ ಮುಚ್ಚಿತು.

ಬೀಗ ಒಡೆಯುವ ಸಾಫ್ಟ್‌ವೇರ್ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಆಗಿನ ಬಹಳ ಅಂಗಡಿಗಳು ಕೊಂಡ ಹಾಡನ್ನು ಆಡಿಯೊ ಸಿಡಿಗೆ ರೈಟ್ ಮಾಡಲು ಬಿಡುತ್ತಿದ್ದವು. ಹಾಗೆ ರೈಟ್ ಮಾಡಿದ ಸಿಡಿಯಲ್ಲಿ ಬೀಗ ಇರುವುದಿಲ್ಲ. ಕಾರಿನಲ್ಲಿ ಕೇಳಲು ಅಂತ ಅಣ್ಣ ಮಾಡಿಕೊಂಡಿರಬಹುದು, ಅವರನ್ನೇ ಕೇಳಿ.

ಹೆಗ್ಗೋಡಿನವ

ಎಂಪಿ3 ಓಪನ್ ಅನ್ನುವ ಮಾತಿಗೆ ಒಂದು ತಿದ್ದುಪಡಿ ಬೇಕು, ಈ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ.

ಎಂಪಿ3 ಸ್ಟ್ಯಾಂಡರ್ಡ್ ಹೌದು. ಎಂಪೆಗ್-1 ಅನ್ನುವ ವಿಡಿಯೊ-ಆಡಿಯೊ ಸ್ಟ್ಯಾಂಡರ್ಡಿನ ಮೂರನೇ ಲೇಯರ್, ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆ ಐಎಸ್‌ಒ ಅದನ್ನು 1993ರಲ್ಲಿ ಪ್ರಕಟಿಸಿತು. ಆ ಸ್ಟ್ಯಾಂಡರ್ಡಿನ ಪುಸ್ತಕ ಯಾರು ಬೇಕಾದರೂ ಕೊಳ್ಳಬಹುದು, ಅದನ್ನು ನೋಡಿ ಪ್ಲೇಯರ್ ಬರೆಯಬಹುದು. ಆದರೆ ಒಳಗಿನ ವಿದ್ಯೆಗೆ ಪೇಟೆಂಟ್ ಇತ್ತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮತ್ತು ಅವರ ಪರವಾಗಿ ಲೈಸೆನ್ಸ್ ಮಾರುತ್ತಿದ್ದ ಥಾಮ್ಸನ್ ಕಂಪನಿಗೆ ದುಡ್ಡು ಕೊಡಬೇಕಿತ್ತು. 1998ರಲ್ಲಿ ಅವರು ಉಚಿತ ಎನ್‌ಕೋಡರ್ (ಹಾಡನ್ನು ಎಂಪಿ3 ಮಾಡುವ ಸಾಫ್ಟ್‌ವೇರ್) ಬರೆದ ಹಲವರಿಗೆ ಪತ್ರ ಕಳಿಸಿ ದುಡ್ಡು ಕೇಳಿದರು. ಆ ಪತ್ರಗಳ ಬಿಸಿಯಲ್ಲೇ ಆಗ್ ವೋರ್ಬಿಸ್ ಅನ್ನುವ ಇನ್ನೊಂದು ಫಾರ್ಮ್ಯಾಟಿನ ಕೆಲಸ ಜೋರಾಯಿತು. ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲದ ಫಾರ್ಮ್ಯಾಟ್ ಬೇಕು ಅಂತ ಹಟ ಹಿಡಿದು ಕೂತವರು ವೋರ್ಬಿಸ್ ಮಾಡಿದವರು. 2002ರ ಜುಲೈನಲ್ಲಿ 1.0 ಬಂತು.

ದುಡ್ಡು ಕೊಟ್ಟವರಿಗೂ ನೆಮ್ಮದಿ ಇರಲಿಲ್ಲ ನೋಡಿ. ಮೈಕ್ರೋಸಾಫ್ಟ್ ಫ್ರೌನ್‌ಹೋಫರಿಗೆ ಸುಮಾರು 1.6 ಕೋಟಿ ಡಾಲರ್ ಕೊಟ್ಟು ಲೈಸೆನ್ಸ್ ತೆಗೆದುಕೊಂಡಿತ್ತು. ಆಮೇಲೆ ಅಲ್ಕಾಟೆಲ್-ಲ್ಯೂಸೆಂಟ್ ಅನ್ನುವ ಟೆಲಿಕಾಂ ಕಂಪನಿ ಬಂದು ನಮ್ಮ ಪೇಟೆಂಟೂ ಇದರಲ್ಲಿದೆ ಅಂತ ಕೇಸು ಹಾಕಿತು. 2007ರ ಫೆಬ್ರವರಿಯಲ್ಲಿ ಸ್ಯಾನ್ ಡಿಯೇಗೋದ ಜ್ಯೂರಿ 152 ಕೋಟಿ ಡಾಲರ್ ಕೊಡಿ ಅಂದಿತು. ಆಗಸ್ಟಿನಲ್ಲಿ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು, ಆದರೆ ಆ ಆರು ತಿಂಗಳು ಎಂಪಿ3 ಬಳಸುವ ಕಂಪನಿಗಳಿಗೆಲ್ಲ ನಿದ್ದೆ ಇರಲಿಲ್ಲ.

ನಾನು 2005ರಲ್ಲಿ ಕಾಲೇಜು ಲ್ಯಾಬಿನಲ್ಲಿ ಮೊದಲ ಸಲ ಫೆಡೋರಾ ಅನ್ನುವ ಲಿನಕ್ಸ್ ಹಾಕಿದೆ. ಎಲ್ಲ ಚೆನ್ನಾಗಿತ್ತು, ಎಂಪಿ3 ಮಾತ್ರ ಹಾಡಲಿಲ್ಲ. ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಒಂದು ಇಡೀ ಶನಿವಾರ ಕಳೆದೆ. ಕೊನೆಗೆ ಸೀನಿಯರ್ ಒಬ್ಬರು ಹೇಳಿದರು, ಅದು ಕೆಟ್ಟಿಲ್ಲ, ಪೇಟೆಂಟ್ ಕಾರಣಕ್ಕೆ ಅವರೇ ಹಾಕಿಲ್ಲ ಅಂತ. ಫೆಡೋರಾದಲ್ಲಿ ಎಂಪಿ3 ತಾನಾಗಿ ಹಾಡಲು 2016ರ ಕೊನೆಯವರೆಗೆ ಕಾಯಬೇಕಾಯಿತು. ಲೈಸೆನ್ಸ್ ವ್ಯವಸ್ಥೆ ಪೂರ್ತಿ ಮುಗಿದಿದ್ದು 2017ರ ಏಪ್ರಿಲಿನಲ್ಲಿ.

ಆದ್ದರಿಂದ ಮೂರು ಬೇರೆ ಬೇರೆ ವಿಷಯ ಇವೆ. ಹೇಗೆ ಮಾಡುವುದು ಅನ್ನುವುದು ಎಲ್ಲರಿಗೂ ಗೊತ್ತಿದೆಯಾ, ಮಾಡಲು ಯಾರಿಗಾದರೂ ದುಡ್ಡು ಕೊಡಬೇಕಾ, ಮತ್ತೆ ಆ ಒಂದು ಫೈಲಿಗೆ ಬೀಗ ಇದೆಯಾ. ಎಂಪಿ3 ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ 2017ರವರೆಗೆ ಫೇಲು. ಅದು ಉಳಿದಿದ್ದು ಬೀಗ ಇಲ್ಲದ್ದಕ್ಕೆ, ಮತ್ತೆ ಮಾಡುವ ವಿಧಾನ ಒಂದೇ ಕಂಪನಿಯ ಕಪಾಟಿನಲ್ಲಿ ಇಲ್ಲದ್ದಕ್ಕೆ.

ಠೇಕಾ

ನಾನು ಕಂಪ್ಯೂಟರ್ ಮನುಷ್ಯ ಅಲ್ಲ, ತಬಲಾ ನುಡಿಸುವವನು. 90ರ ದಶಕದಲ್ಲಿ ಸುಗಮ ಸಂಗೀತ, ದೇವರನಾಮದ ಕ್ಯಾಸೆಟ್‌ಗಳಿಗೆ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನುಡಿಸಿದ್ದೇನೆ. ಹಂಚಿಕೆ ಹಂಚಿಕೆ ಅಂತ ಎಲ್ಲರೂ ಸಲೀಸಾಗಿ ಹೇಳುವುದನ್ನು ನೋಡಿ ಬರೆಯುತ್ತಿದ್ದೇನೆ.

ನಮಗೆ ರಾಯಲ್ಟಿ ಇರಲಿಲ್ಲ. ಆ ದಿನದ ಸಂಭಾವನೆ ಕವರಿನಲ್ಲಿ ಕೊಡುತ್ತಿದ್ದರು, ಅಷ್ಟೇ. ಮುಂದಿನ ಕ್ಯಾಸೆಟ್ ಮಾಡುವವರು ಇದ್ದರೆ ಮಾತ್ರ ನಮಗೆ ಮುಂದಿನ ಕೆಲಸ. ಆಮೇಲೆ ಮೆಜೆಸ್ಟಿಕ್ ಕಡೆ ಫುಟ್‌ಪಾತಿನಲ್ಲಿ ಎಂಪಿ3 ಸಿಡಿ ಬಂತು. ಒಂದೇ ಸಿಡಿಯಲ್ಲಿ ನೂರೈವತ್ತು ಹಾಡು. ನಾನು ನುಡಿಸಿದ ಮೂರು ಕ್ಯಾಸೆಟ್ ಪೂರ್ತಿ ಅದರೊಳಗೆ ಇದ್ದವು, ಕವರ್ ಮೇಲೆ ಹಾಡಿದವರ ಹೆಸರೂ ಇರಲಿಲ್ಲ, ಬರೆದವರ ಹೆಸರೂ ಇರಲಿಲ್ಲ. ನಮ್ಮನ್ನು ಕರೆಯುತ್ತಿದ್ದ ಒಬ್ಬ ನಿರ್ಮಾಪಕರು ಎರಡು ವರ್ಷದಲ್ಲಿ ಹೊಸದು ಮಾಡುವುದನ್ನೇ ನಿಲ್ಲಿಸಿದರು.

ಹಾಗಂತ ಬೀಗ ಬೇಕು ಅನ್ನುತ್ತಿಲ್ಲ. ನಮ್ಮ ಕ್ಯಾಸೆಟ್ಟಿಗೆ ಬೀಗ ಹಾಕಿದ್ದರೂ ಫುಟ್‌ಪಾತಿನವರು ಹೇಗೋ ತೆಗೆಯುತ್ತಿದ್ದರು, ಕೊಂಡು ಕೇಳುವ ನಿಮ್ಮ ತಾಯಿಯಂಥವರಿಗೆ ಮಾತ್ರ ತೊಂದರೆ ಆಗುತ್ತಿತ್ತು. ನಮಗೆ ಬೇಕಾಗಿದ್ದು ಹಾಡಿನ ಜೊತೆ ನಮ್ಮ ಹೆಸರು, ಮತ್ತೆ ದುಡ್ಡಿನಲ್ಲಿ ಒಂದು ಪಾಲು. 2012ರಲ್ಲಿ ಕಾಪಿರೈಟ್ ಕಾನೂನು ತಿದ್ದಿದಾಗ ಸಿನಿಮಾ ಹಾಡು ಬರೆದವರು, ಸಂಗೀತ ಮಾಡಿದವರು ರಾಯಲ್ಟಿ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟುಬಿಡಲು ಆಗದ ಹಾಗೆ ಮಾಡಿದರು. ತಡವಾಗಿ ಬಂತು. ಬಂದಿದ್ದು ಒಳ್ಳೆಯದೇ.

ಗೆಳೆಯರು ಕೊಟ್ಟ ಎಂಪಿ3 ಸುಮ್ನೆ ಬಂದಿದ್ದು ಅಂತ ನಿಮ್ಮ ತಾಯಿ ಅಂದರಲ್ಲ, ಅದು ಸುಮ್ನೆ ಬಂದಿದ್ದಲ್ಲ ಅಂತ ಅವರಿಗೆ ಹೇಳಿ. ಕೋಪ ಇಲ್ಲ, ಹೇಳಬೇಕು ಅನ್ನಿಸಿತು.

ಜಯನಗರ4

ಠೇಕಾ ಸರ್ ಮಾತಿಗೆ ಕೈ ಮುಗಿಯುತ್ತೇನೆ. ಆದರೆ ಟೆಕ್ ಕಂಪನಿಗಳನ್ನೇ ಬಯ್ಯುವುದು ಸರಿಯಲ್ಲ. ಬೀಗ ಬೇಕು ಅಂತ ಹಟ ಮಾಡಿದ್ದು ಹಾಡಿನ ದೊಡ್ಡ ಕಂಪನಿಗಳು. ಆಪಲ್‌ನ ಸ್ಟೀವ್ ಜಾಬ್ಸ್ 2007ರ ಫೆಬ್ರವರಿಯಲ್ಲಿ ಬಹಿರಂಗ ಪತ್ರ ಬರೆದು ಇದನ್ನೇ ಹೇಳಿದರು. 2006ರಲ್ಲಿ ಬೀಗ ಹಾಕಿ ಮಾರಿದ ಹಾಡು 200 ಕೋಟಿಗೂ ಕಡಿಮೆ, ಅದೇ ವರ್ಷ ಅದೇ ಕಂಪನಿಗಳು ಬೀಗವೇ ಇಲ್ಲದ ಸಿಡಿಯಲ್ಲಿ 2,000 ಕೋಟಿಗೂ ಹೆಚ್ಚು ಹಾಡು ಮಾರಿವೆ, ಹಾಗಾದರೆ ಬೀಗದಿಂದ ಏನು ಬಂತು ಅನ್ನುವುದು ಅವರ ಲೆಕ್ಕ. ಎರಡು ತಿಂಗಳಿಗೆ ಇಎಂಐ ಅನ್ನುವ ಹಾಡಿನ ಕಂಪನಿ ಬೀಗ ತೆಗೆಯಲು ಒಪ್ಪಿತು. 2009ರಲ್ಲಿ ಆಪಲ್‌ನ ಅಂಗಡಿ ಐಟ್ಯೂನ್ಸ್ ಹಾಡುಗಳ ಬೀಗ ಪೂರ್ತಿ ಹೋಯಿತು.

ಹೆಗ್ಗೋಡಿನವ

ಜಯನಗರ4 ಅವರೇ, ಪತ್ರ ನಿಜ, ಲೆಕ್ಕವೂ ನಿಜ. ಆದರೆ ಅದೇ ಪತ್ರದಲ್ಲಿ ಆಪಲ್‌ನ ಫೇರ್‌ಪ್ಲೇ ಬೀಗವನ್ನು ಬೇರೆ ಕಂಪನಿಗಳಿಗೆ ಕೊಡಲು ಆಗುವುದಿಲ್ಲ ಅಂತಲೂ ಇದೆ. 2004ರ ಜುಲೈನಲ್ಲಿ ರಿಯಲ್‌ನೆಟ್‌ವರ್ಕ್ಸ್ ಅನ್ನುವ ಕಂಪನಿ ತಾನು ಮಾರಿದ ಹಾಡು ಆಪಲ್‌ನ ಪ್ಲೇಯರ್ ಐಪಾಡಿನಲ್ಲಿ ಹಾಡುವ ಹಾಗೆ ಹಾರ್ಮನಿ ಅಂತ ಸಾಫ್ಟ್‌ವೇರ್ ಮಾಡಿತು. ದುಡ್ಡು ಕೊಟ್ಟು ಕೊಂಡ ಹಾಡೇ ಅದು, ಕದ್ದಿದ್ದಲ್ಲ. ಆಪಲ್ ಅದನ್ನು ಹ್ಯಾಕರ್ ಕೆಲಸ ಅಂತ ಕರೆದು, ಮುಂದೆ ಐಪಾಡ್ ಸಾಫ್ಟ್‌ವೇರ್ ಬದಲಾದಾಗ ಇದು ನಿಲ್ಲಬಹುದು ಅಂತ ಎಚ್ಚರಿಕೆ ಕೊಟ್ಟಿತು. ಬೀಗ ಹಾಕಿಸಿದ್ದು ಹಾಡಿನ ಕಂಪನಿ ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ಬೀಗದಿಂದ ಗಿರಾಕಿ ಬೇರೆ ಪ್ಲೇಯರ್ ಕೊಳ್ಳದ ಹಾಗೆ ಆಗಿದ್ದು ಯಾರಿಗೆ ಲಾಭ? 2009ರಲ್ಲಿ ಕೂಡ ಹಳೇ ಹಾಡಿನ ಬೀಗ ತೆಗೆಸಿಕೊಳ್ಳಲು ಒಂದೊಂದಕ್ಕೆ 30 ಸೆಂಟ್ ಕೊಡಬೇಕಿತ್ತು.

ಈಗಲೂ ಅಷ್ಟೇ. ವಾಟ್ಸಾಪ್ ವಾಯ್ಸ್ ಮೆಸೇಜ್ ಓಪಸ್ ಅನ್ನುವ ಫಾರ್ಮ್ಯಾಟಿನಲ್ಲಿ ಹೋಗುತ್ತದೆ, 2012ರಲ್ಲಿ ಬಂದ ಓಪನ್ ಸ್ಟ್ಯಾಂಡರ್ಡ್. ಸ್ಪಾಟಿಫೈ ಆ್ಯಪ್ ವೋರ್ಬಿಸ್ ಬಳಸುತ್ತದೆ. ಫಾರ್ಮ್ಯಾಟ್ ಎಲ್ಲರದು, ಆದರೆ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ ಹಾಡನ್ನು ಅಮ್ಮನ ಸ್ಪೀಕರಿಗೆ ಹಾಕಲು ಆಗುವುದಿಲ್ಲ.

ಕಡಲೂರು

ಸಿಡಿ ಸಿಕ್ಕರೆ ಏನು ಮಾಡಬೇಕು ಅಂತ ಹೇಳುತ್ತೇನೆ, ನಾನು ಮನೆಯ ಹಳೇ ಸಿಡಿಗಳನ್ನೆಲ್ಲ ಹೀಗೇ ಉಳಿಸಿಕೊಂಡವನು.

ವಿಂಡೋಸ್ ಇದ್ದರೆ ಸಿಡಿಯಿಂದ ಹಾಡು ತೆಗೆಯುವ ಎಗ್ಸಾಕ್ಟ್ ಆಡಿಯೊ ಕಾಪಿ ಅನ್ನುವ ಸಾಫ್ಟ್‌ವೇರ್ ಬಳಸಿ. ಗೀರು ಬಿದ್ದ ಕಡೆ ಮತ್ತೆ ಮತ್ತೆ ಓದಿ ನೋಡುತ್ತದೆ. ನಿಧಾನ, ಆತುರ ಪಡಬೇಡಿ. ಫ್ಲ್ಯಾಕ್ ಅನ್ನುವ ಫಾರ್ಮ್ಯಾಟಿನಲ್ಲಿ ಉಳಿಸಿ. ಸಿಡಿಯಲ್ಲಿ ಇದ್ದಿದ್ದು ಅದರಲ್ಲಿ ಒಂದು ಚೂರೂ ಕಳೆಯುವುದಿಲ್ಲ. ಮೊದಲೇ ಕುಗ್ಗಿಸಿ ಮಾರಿದ ಹಾಡಾದ್ದರಿಂದ ಗುಣ ಹೆಚ್ಚಾಗುವುದಿಲ್ಲ, ಆದರೆ ಇನ್ನೊಂದು ಸಲ ಕುಗ್ಗುವುದು ತಪ್ಪುತ್ತದೆ. ಅದರಿಂದ ಅಮ್ಮನ ಸ್ಪೀಕರಿಗೆ ಬೇರೆ ಎಂಪಿ3 ಮಾಡಿಕೊಳ್ಳಿ.

ಹೆಸರನ್ನು ಕನ್ನಡದಲ್ಲೇ ಬರೆಯಿರಿ, ಆದರೆ ಒಂದು ವಿಷಯ ಗಮನಿಸಿ. ಎಂಪಿ3 ಫೈಲಿನ ಕೊನೆಯ 128 ಬೈಟ್‌ನಲ್ಲಿ ಹಾಡಿನ ವಿವರ ಬರೆಯುವ ಐಡಿ3 ಅನ್ನುವ ಹಳೇ ಚೀಟಿ ಇರುತ್ತದೆ. ಹಾಡಿನ ಹೆಸರಿಗೆ ಅದರಲ್ಲಿ ಜಾಗ 30 ಬೈಟ್ ಮಾತ್ರ. ಇಂಗ್ಲಿಷಿಗೆ 30 ಅಕ್ಷರ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡಕ್ಕೆ ಅಕ್ಷರಕ್ಕೂ ಗುಣಿತದ ಗುರುತಿಗೂ ಒಂದೊಂದಕ್ಕೆ 3 ಬೈಟ್ ಬೇಕು. "ತಾಯಿ ಹಾಡಿದ ಜೋಗುಳ" ಅಂತ ತುರುಕಿ ನೋಡಿ, "ತಾಯಿ ಹಾಡಿದ" ಅನ್ನುವಷ್ಟರಲ್ಲಿ ಜಾಗ ತುಂಬಿ, ಜೋಗುಳಕ್ಕೆ ಒಂದೇ ಬೈಟ್ ಉಳಿಯುತ್ತದೆ. ಅದಕ್ಕೇ ಹಳೇ ಪ್ಲೇಯರಿನಲ್ಲಿ ಹೆಸರಿನ ಬಾಲಕ್ಕೆ ಪ್ರಶ್ನಾರ್ಥಕ ಚಿಹ್ನೆ ಬರುವುದು. ಆಮೇಲಿನ ಐಡಿ3 ಆವೃತ್ತಿ 2ರಲ್ಲಿ ಈ ತೊಂದರೆ ಇಲ್ಲ, ಅದನ್ನೇ ಆರಿಸಿಕೊಳ್ಳಿ. ಫ್ಲ್ಯಾಕ್ ಚೀಟಿಯಂತೂ ಯುಟಿಎಫ್-8ರಲ್ಲೇ ಇರಬೇಕು ಅಂತ ನಿಯಮ ಇದೆ. ನುಡಿಸಿದವರು, ತಬಲಾ ಯಾರದು, ಎಲ್ಲ ಬರೆಯಬಹುದು. ದಯವಿಟ್ಟು ಬರೆಯಿರಿ.

ಕಾನೂನಿನ ಬಗ್ಗೆ ಒಂದು ಮಾತು. ನಮ್ಮ ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿಯಲ್ಲಿ 65ಎ ಅಂತ ಕಲಂ ಇದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಆ ಉದ್ದೇಶದ ಮಾತು ಇರುವುದು ದೊಡ್ಡ ವಿಷಯ, ಆದರೂ ಸಿಡಿ ದಾರಿ ಇರುವಾಗ ಅದೇ ಸುಲಭ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಫೋನ್ ಮಾಡಿದೆ. ಕಾರಿಗೆ ಅಂತ ಸಿಡಿ ರೈಟ್ ಮಾಡಿದ್ದನಂತೆ, ಎಲ್ಲ ಒಂದು ಕಪ್ಪು ಪೌಚಿನಲ್ಲಿ ಹಾಕಿ ಹಿಂದೆಯೇ ಊರಿಗೆ ತಂದಿದ್ದನಂತೆ. ಅಟ್ಟದ ಮೇಲೆ ಟ್ರಂಕಿನಲ್ಲಿ ಸಿಕ್ಕಿತು. 14 ಸಿಡಿ. ಒಂದರ ಬೆಳ್ಳಿ ಪದರ ಎದ್ದು ಹೋಗಿದೆ, ಓದಲೇ ಇಲ್ಲ. ಉಳಿದ 13ರಿಂದ 154 ಹಾಡು ಬಂದವು. ಒಂದೊಂದು ಸಿಡಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಠೇಕಾ ಸರ್, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ತಬಲಾದವರ ಹೆಸರೂ ಹಾಕು ಅಂದರು. ಪೌಚಿನಲ್ಲಿದ್ದ ಚೀಟಿಗಳಲ್ಲಿ ಅಣ್ಣ ಕೊಳಲು, ತಬಲಾ, ತಂಬೂರಿ ಎಲ್ಲರ ಹೆಸರು ಬರೆದಿಟ್ಟಿದ್ದ. ನಿನ್ನೆ ರಾತ್ರಿ ಕೂತು ಕನ್ನಡದಲ್ಲಿ ಟೈಪ್ ಮಾಡಿದೆ, ಅಮ್ಮ ಪಕ್ಕದಲ್ಲಿ ಕೂತು ಓದಿ ಹೇಳಿದರು.

ಇನ್ನೂ 58 ಹಾಡು ಉಳಿದಿವೆ, ಅದರಲ್ಲಿ ಎರಡು ಪೂರ್ತಿ ಕೊಳಲು ಆಲ್ಬಂ. ಅವನ್ನು ಮತ್ತೆ ಕೊಳ್ಳುತ್ತೇವೆ. ಫ್ಲ್ಯಾಕ್ ಅಥವಾ ಎಂಪಿ3 ಆಗಿ, ಬೀಗ ಹಾಕದೆ, ಕಲಾವಿದರೇ ನೇರವಾಗಿ ಮಾರುವ ಕಡೆ ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ಹಾಕಿ. ಪಟ್ಟಿಯನ್ನು ನಾಳೆ ಕೊಡುತ್ತೇನೆ.