ಪುಟ್ಟಾ, ಆ ಪಾರ್ಕಿಂಗ್ ಫ್ರೀ ಅಲ್ಲ

ಪುಟ್ಟಾ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಬ್ರೋಷರ್ ನೋಡಿದೆ. ಟೊರಾಂಟೊದಲ್ಲಿ ಲಕ್ಷುರಿ ಕಾಂಡೋ (ಇಲ್ಲಿ ಫ್ಲ್ಯಾಟಿಗೆ ಹಾಗನ್ನುತ್ತಾರೆ), 560 ಚದರಡಿ, 7 ಲಕ್ಷ ಡಾಲರ್, ಪಾರ್ಕಿಂಗ್ ಫ್ರೀ, ಎರಡು ವರ್ಷ ಮೇಂಟೆನೆನ್ಸ್ ಫ್ರೀ, ಮೇಲೆ 5% ಕ್ಯಾಶ್‌ಬ್ಯಾಕ್, ತಗೊಳ್ಳಲಾ ಅಂತ ಕೇಳಿದ್ದೀಯ. ಅಕ್ಕ ಮೈಸೂರಿಂದ "ಕಣ್ಣು ಮುಚ್ಚಿಕೊಂಡು ತಗೋ, ಚಿಕ್ಕಮ್ಮನ ಬಿಲ್ಡಿಂಗೇ ಅಲ್ವಾ" ಅಂದಿದ್ದಾಳೆ, ನಾನಿರುವ ಬಿಲ್ಡಿಂಗು ಅಂತ. ಭಾವ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ನಾನು ಮಧ್ಯಾಹ್ನದವರೆಗೂ ಉತ್ತರ ಕೊಡಲಿಲ್ಲ. ಈಗ ಸ್ಟ್ರೀಟ್‌ಕಾರಲ್ಲಿ ಕೂತು ಮಾತಾಡುತ್ತಿದ್ದೇನೆ, ಫೋನು ಅದನ್ನೇ ಅಕ್ಷರ ಮಾಡುತ್ತಿದೆ. ತಪ್ಪು ಬಂದರೆ ಸರಿ ಮಾಡಿಕೊಂಡು ಓದಿ. ಉದ್ದ ಆಗುತ್ತೆ, ಈಗಲೇ ಹೇಳಿಬಿಡುತ್ತೇನೆ.

ಮೊದಲು ಆ ಫ್ರೀ ಲೆಕ್ಕ ನೋಡು. ಪಾರ್ಕಿಂಗಿಗೆ ಅವರೇ 70 ಸಾವಿರ ಅಂತ ಬರೆದಿದ್ದಾರೆ. ಮೇಂಟೆನೆನ್ಸ್ ತಿಂಗಳಿಗೆ 420, ಎರಡು ವರ್ಷಕ್ಕೆ 10 ಸಾವಿರ. ಕ್ಯಾಶ್‌ಬ್ಯಾಕ್ 35 ಸಾವಿರ. ಒಟ್ಟು 1 ಲಕ್ಷ 15 ಸಾವಿರ. ಅಂದರೆ ಆ ಮನೆಯನ್ನು ಬಿಲ್ಡರ್ 5 ಲಕ್ಷ 85 ಸಾವಿರಕ್ಕೆ ಮಾರಲು ತಯಾರಿದ್ದಾನೆ. ಹಾಗಿದ್ದಮೇಲೆ ಬೋರ್ಡಿನಲ್ಲಿ ಅದನ್ನೇ ಹಾಕಬಹುದಲ್ಲ? ಯಾಕೆ ಹಾಕುವುದಿಲ್ಲ? ಅಷ್ಟಕ್ಕೂ ನಿನಗೆ ಕಾರೇ ಇಲ್ಲ ಕಣೋ.

ಯಾಕೆ ಅಂದರೆ, ಕಾಗದದ ಮೇಲಿನ ರೇಟು ಇಳಿಯಬಾರದು. ರಿಜಿಸ್ಟ್ರೇಷನ್ ಆದ ರೇಟು ಎಲ್ಲರಿಗೂ ಕಾಣುತ್ತದೆ. ನಾಳೆ ಬ್ಯಾಂಕಿನವರು ಪಕ್ಕದ ಮನೆಗೆ ಅಪ್ರೈಸಲ್ ಮಾಡುವಾಗ (ನಮ್ಮೂರಲ್ಲಿ ವ್ಯಾಲ್ಯುಯೇಷನ್ ಅನ್ನುತ್ತೇವಲ್ಲ, ಅದೇ) ಅದನ್ನೇ ನೋಡುತ್ತಾರೆ. ಇದೇ ಬಿಲ್ಡರ್ ಪಕ್ಕದಲ್ಲಿ ಎರಡನೇ ಟವರ್ ಕಟ್ಟುತ್ತಿದ್ದಾನೆ. ಅಲ್ಲಿ 2022ರಲ್ಲಿ ಚದರಡಿಗೆ 1,400ಕ್ಕೆ ಸಹಿ ಹಾಕಿದವರು ಇನ್ನೂ ದುಡ್ಡು ಪೂರ್ತಿ ಕಟ್ಟಿಲ್ಲ. ಇಲ್ಲಿ ಬೆಲೆ ಬಿತ್ತು ಅಂತ ಗೊತ್ತಾದರೆ ಅವರು ಕೈ ಎತ್ತುತ್ತಾರೆ. ಅದಕ್ಕೆ ಬೆಲೆ ಅಲ್ಲೇ ನಿಂತಿರುತ್ತೆ, ಸುತ್ತ ಬುಟ್ಟಿಗಟ್ಟಲೆ ಉಡುಗೊರೆ.

ಮೋಸ ಅಂತ ಹೇಳುತ್ತಿಲ್ಲ. ವ್ಯಾಪಾರ. ಆದರೆ ಆ ಎತ್ತರದ ರೇಟಿನ ಭಾರ ಹೊರುವವನು ನೀನು. ನಮ್ಮ ಬಿಲ್ಡಿಂಗಿನಲ್ಲೇ, ಅದೇ 560 ಚದರಡಿ, ಎರಡು ಮಹಡಿ ಕೆಳಗೆ, ಒಬ್ಬರು ಸ್ವಂತ ಮನೆ 5 ಲಕ್ಷ 60 ಸಾವಿರಕ್ಕೆ ಮಾರಾಟಕ್ಕೆ ಇಟ್ಟಿದ್ದಾರೆ. ಮೂರು ತಿಂಗಳಾಯಿತು, ಹೋಗಿಲ್ಲ. ನಿನ್ನ ಬ್ಯಾಂಕಿನವನು ಅದನ್ನು ನೋಡಿ ಈ ಮನೆಯ ಬೆಲೆಯೂ ಅಷ್ಟೇ ಅಂದ ಅಂತಿಟ್ಟುಕೋ. ಅವನು 80% ಕೊಡುವುದು 5,60,000ಕ್ಕೆ, ಅಂದರೆ 4,48,000. ನೀನು ಕಟ್ಟಬೇಕಾದ್ದು 7 ಲಕ್ಷ. ಮಿಕ್ಕ 2,52,000 ನಿನ್ನ ಕೈಯಿಂದ. ನೀನು ಅಂದುಕೊಂಡದ್ದು 1,40,000. ಆ 1,12,000 ಎಲ್ಲಿಂದ ತರುತ್ತೀಯ? ಕ್ಯಾಶ್‌ಬ್ಯಾಕ್ ವಿಷಯವನ್ನೂ ಬ್ಯಾಂಕಿಗೆ ಹೇಳಲೇಬೇಕು. ಹೇಳಿದರೆ ಅವರು ಅದನ್ನು ಬೆಲೆಯಿಂದ ಕಳೆದೇ ಸಾಲದ ಲೆಕ್ಕ ಹಾಕುತ್ತಾರೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂತ ನೀವ್ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ. ಅಕ್ಕಾ, ನೀನು ಕೂತುಕೊಂಡು ಓದು.

ವಿಜಯನಗರದ ಸೈಟು ಯಾಕೆ ಮಾರಿದೆ ಅಂತ ನೀನು ಎಷ್ಟು ಸಲ ಕೇಳಿದೆ. ನೋಡಿಕೊಳ್ಳುವವರು ಯಾರೂ ಇಲ್ಲ, ಪಕ್ಕದವರು ಕಾಂಪೌಂಡು ಒಳಗೆ ಹಾಕುತ್ತಿದ್ದಾರೆ ಅಂದೆ. ಅದು ಸುಳ್ಳು. ನಾವು ಈ ಮನೆ ಬುಕ್ ಮಾಡಿದ್ದು 2021ರಲ್ಲಿ, ಪಾಯ ತೆಗೆಯುವ ಮುಂಚೆ, 7,60,000ಕ್ಕೆ. ಆಗ ಬ್ಯಾಂಕ್ ಆಫ್ ಕೆನಡಾ (ನಮ್ಮ ರಿಸರ್ವ್ ಬ್ಯಾಂಕ್ ಥರ) ಬಡ್ಡಿ ರೇಟು 0.25%. ಸಾಲ ಅಂದರೆ ಪುಕ್ಕಟೆ ಅನ್ನುವ ಕಾಲ. ಕಂತು ಕಂತಾಗಿ 20% ಕಟ್ಟಿದೆವು, 1,52,000. 2022ರ ಮಾರ್ಚಿನಿಂದ ರೇಟು ಏರಲು ಶುರುವಾಯಿತು, 2023ರ ಜುಲೈಗೆ 5% ಮುಟ್ಟಿತು. 2024ರಲ್ಲಿ ಬೀಗದಕೈ ಬಂತು. ಬ್ಯಾಂಕಿನ ಹುಡುಗ ಬಂದ, ಹತ್ತು ನಿಮಿಷ ಫೋಟೋ ತೆಗೆದ, ಹೋದ. ಅವನು ಬರೆದ ಬೆಲೆ 6,40,000. ಅದರ 80% ಅಂದರೆ 5,12,000. ಕೂಡಿ ಕಳೆದರೆ 96 ಸಾವಿರ ಡಾಲರ್ ಕಡಿಮೆ. ಬೇಡ ಅಂತ ಬಿಟ್ಟುಬಿಡೋಣ ಅಂದರೆ ಕಟ್ಟಿದ 1,52,000 ಹೋಗುತ್ತೆ. ಅಷ್ಟೇ ಅಲ್ಲ, ಬಿಲ್ಡರ್ ಆ ಮನೆಯನ್ನು ಬೇರೆಯವರಿಗೆ ಕಡಿಮೆಗೆ ಮಾರಿ ನಷ್ಟವನ್ನು ನಮ್ಮ ಮೇಲೆ ಕೇಸು ಹಾಕಿ ವಸೂಲಿ ಮಾಡಬಹುದು. ವಕೀಲರು ಇದನ್ನು ಹೇಳುವಾಗ ನಿನ್ನ ಚಿಕ್ಕಪ್ಪ ಕಿಟಕಿ ಕಡೆ ನೋಡುತ್ತಿದ್ದರು.

ಸೈಟು ಹೋದದ್ದು ಹಾಗೆ.

ಅದರ ಜೊತೆ ಇನ್ನೊಂದು. ಮನೆ ವಾಸಕ್ಕೆ ಬಂದಮೇಲೂ ಕಟ್ಟಡದ ರಿಜಿಸ್ಟ್ರೇಷನ್ ಆಗುವವರೆಗೆ ನೀನು ಮಾಲೀಕ ಅಲ್ಲ. ಆಕ್ಯುಪೆನ್ಸಿ ಫೀ ಅಂತ ಬಿಲ್ಡರಿಗೆ ಕಟ್ಟಬೇಕು. ಬಾಕಿ ದುಡ್ಡಿನ ಬಡ್ಡಿ, ಅಂದಾಜು ತೆರಿಗೆ, ಮೇಂಟೆನೆನ್ಸ್ ಎಲ್ಲಾ ಸೇರಿಸಿ. ಅಸಲು ಮೊತ್ತಕ್ಕೆ ಒಂದು ಪೈಸೆ ಹೋಗುವುದಿಲ್ಲ. ನಾವು ತಿಂಗಳಿಗೆ 4,500ರ ಹತ್ತಿರ ಏಳು ತಿಂಗಳು ಕಟ್ಟಿದೆವು. ಗೃಹಪ್ರವೇಶದ ಫೋಟೋ ಹಾಕಿದ್ದೆನಲ್ಲ, ಹಾಲುಕ್ಕಿಸಿದ್ದು? ಆವತ್ತು ಆ ಮನೆ ನಮ್ಮದಾಗಿರಲಿಲ್ಲ. ನೀವೆಲ್ಲ "ಅಭಿನಂದನೆಗಳು" ಅಂತ ಹಾಕಿದಿರಿ, ನಾನು ಹೂವಿನ ಚಿತ್ರ ಹಾಕಿದೆ.

ನಿನಗೆ ಈ ಫೀ ಬರುವುದಿಲ್ಲ, ಬಿಲ್ಡಿಂಗ್ ರಿಜಿಸ್ಟರ್ ಆಗಿದೆ. ಅಷ್ಟರ ಮಟ್ಟಿಗೆ ನೀನು ಅದೃಷ್ಟವಂತ.

ಈಗ ಬಡ್ಡಿ ರೇಟು ಇಳಿದಿದೆ, ನಿಜ. 2024ರ ಜೂನಿನಿಂದ ಇಳಿಯುತ್ತಾ 2025ರ ಅಕ್ಟೋಬರಿಗೆ 2.25% ಆಯಿತು. ಹಾಗಾದರೆ ಮನೆ ಯಾಕೆ ಮಾರಾಟ ಆಗುತ್ತಿಲ್ಲ ಅಂತ ಭಾವ ಕೇಳಬಹುದು. ಟೊರಾಂಟೊ ಸುತ್ತಮುತ್ತ 2024ರಲ್ಲಿ ಹೊಸ ಕಾಂಡೋ ಮಾರಾಟ ಐದು ಸಾವಿರವನ್ನೂ ಮುಟ್ಟಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲೆ ಇಷ್ಟು ಕಡಿಮೆ ಆಗಿದ್ದಿಲ್ಲ. ಭಾವ, ಇದರ ಬೇರು ಬೇರೆ ಕಡೆ ಇದೆ. ಇಲ್ಲಿ ಬಿಲ್ಡರಿಗೆ ಸಾಲ ಸಿಗಬೇಕಾದರೆ ಸಾಮಾನ್ಯವಾಗಿ 70%ರಷ್ಟು ಮನೆ ಮುಂಚೆಯೇ ಬುಕ್ ಆಗಿರಬೇಕು. ಇನ್ನೂ ಕಟ್ಟದ ಮನೆಗೆ ನಾಲ್ಕೈದು ವರ್ಷ ಮುಂಚೆ ದುಡ್ಡು ಕಟ್ಟುವವರು ಯಾರು? ವಾಸ ಮಾಡುವವರಲ್ಲ. ಬಾಡಿಗೆಗೆ ಕೊಡುವವರು, ಇಲ್ಲಾ ಬೆಲೆ ಏರಿದ ಮೇಲೆ ಮಾರುವವರು. ಅವರಿಗೆ ಬೇಕಾದ್ದು ಚಿಕ್ಕ ಮನೆ. ಅದಕ್ಕೆ ತಕ್ಕಂತೆ ಕಟ್ಟಿದರು. ಬಡ್ಡಿ ಏರಿದಾಗ ಅವರು ಓಡಿದರು. 2024ರ ಜನವರಿಯಲ್ಲಿ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಪರ್ಮಿಟ್ಟಿಗೆ ಮಿತಿ ಹಾಕಿತು, ಬಾಡಿಗೆಯೂ ಇಳಿಯಿತು. 2023ರಿಂದ ವಿದೇಶದವರು ಮನೆ ಕೊಳ್ಳುವುದಕ್ಕೇ ನಿಷೇಧ, ಅದನ್ನು 2027ರ ಜನವರಿವರೆಗೆ ಮುಂದುವರಿಸಿದ್ದಾರೆ. ಈಗ ಉಳಿದಿರುವುದು ನಿನ್ನಂಥವರು, ವಾಸಕ್ಕೆ ಮನೆ ಹುಡುಕುವವರು. ಅವರಿಗೆ ಈ ಮನೆ ಹಿಡಿಸುವುದಿಲ್ಲ.

ಯಾಕೆ ಹಿಡಿಸುವುದಿಲ್ಲ ಅಂತ ಮೊನ್ನೆ ಶನಿವಾರ ಕಣ್ಣಾರೆ ನೋಡಿದೆ. ನೀನು ಮೊದಲೇ ನನಗೆ ಬೇರೆಯಾಗಿ ಹೇಳಿದ್ದೆಯಲ್ಲ, ಅದಕ್ಕೇ ಕೆಳಗಿನ ಸೇಲ್ಸ್ ಆಫೀಸಿಗೆ ಟೇಪು ಹಿಡಿದುಕೊಂಡು ಹೋದೆ. ಮಾಡೆಲ್ ಮನೆ ಚೆನ್ನಾಗಿದೆ. ಒಳಗೆ ಕಾಲಿಟ್ಟರೆ ಸುಗಂಧ, ಒಂದು ಗೋಡೆ ಪೂರ್ತಿ ಕನ್ನಡಿ, ಚಿನ್ನದ ಬಣ್ಣದ ನಲ್ಲಿ. ಮಂಚ ಅಳೆದೆ. ಮಾಮೂಲಿ ಮಂಚಕ್ಕಿಂತ ಒಂದು ಗೇಣು ಗಿಡ್ಡ! ಕೋಣೆಯ ಬಾಗಿಲನ್ನೇ ಕಳಚಿ ಇಟ್ಟಿದ್ದಾರೆ, ದೊಡ್ಡದಾಗಿ ಕಾಣಲಿ ಅಂತ. ಬೆಡ್‌ರೂಮಿಗೆ ಕಿಟಕಿ ಇಲ್ಲ, ಗಾಜಿನ ಜಾರುಬಾಗಿಲು ಮಾತ್ರ. ಅಡುಗೆಮನೆ ಅನ್ನುವುದು ಹಾಲಿನ ಒಂದು ಗೋಡೆ. ಒಲೆಯ ಅಗಲ 24 ಇಂಚು. ಮಿಕ್ಸಿ ಇಡಲು ಸಿಂಕಿನ ಮೇಲೆ ಹಲಗೆ ಹಾಕಬೇಕು. ಫ್ರಿಡ್ಜು ಕಪಾಟಿನ ಒಳಗೆ ಅಡಗಿದೆ, ನಮ್ಮ ದೋಸೆ ಹಿಟ್ಟಿನ ಡಬರಿ ಅದರೊಳಗೆ ನೆಟ್ಟಗೆ ನಿಲ್ಲುವುದಿಲ್ಲ. ಚಿಮಣಿ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಸೋಸಿ ಮತ್ತೆ ಒಳಗೇ ಬಿಡುತ್ತದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ದಿನ ನಮ್ಮ ಮನೆಯಲ್ಲಿ ಅಲಾರಂ ಹೊಡೆದುಕೊಂಡು, ಕೆಳಗಿನಿಂದ ಸೆಕ್ಯೂರಿಟಿಯವನು ಬಂದಿದ್ದ.

ಅಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳು. ಎರಡು ಗಂಟೆಯಿಂದ ಒಬ್ಬರೂ ಬಂದಿಲ್ಲ ಅಂತ ನನಗೆ ಕಾಫಿ ಮಾಡಿಕೊಟ್ಟಳು. ಕಾಫಿ ಚೆನ್ನಾಗಿತ್ತು.

ಖಾಲಿ ಬಿಲ್ಡಿಂಗಿನಲ್ಲಿ ಇರುವುದು ಹೇಗಿರುತ್ತೆ ಅಂತಲೂ ತಿಳಿದಿರಲಿ. ನಮ್ಮ ಮಹಡಿಯಲ್ಲಿ ಒಂಬತ್ತು ಬಾಗಿಲು. ಜನ ಇರುವುದು ನಾಲ್ಕರಲ್ಲಿ. ಮಿಕ್ಕ ಐದರ ಹಿಡಿಗೆ ಏಜೆಂಟರ ಚಿಕ್ಕ ಬೀಗದ ಡಬ್ಬಿ ನೇತಾಡುತ್ತಿದೆ. ದೀಪಾವಳಿಗೆ ಬಾಗಿಲಲ್ಲಿ ಹಣತೆ ಇಡೋಣ ಅಂದುಕೊಂಡೆ, ಆ ಉದ್ದದ ಕಾರಿಡಾರ್ ನೋಡಿ ಮನಸ್ಸಾಗಲಿಲ್ಲ. ರಾತ್ರಿ ಲೇಕ್ ದಂಡೆಯಿಂದ ತಿರುಗಿ ನೋಡಿದರೆ ದೀಪ ಹಲ್ಲುದುರಿದ ಬಾಯಿ ಥರ ಕಾಣುತ್ತೆ. ಮಾರಾಟ ಆಗದ ಮನೆಗಳ ಮೇಂಟೆನೆನ್ಸ್ ಬಿಲ್ಡರೇ ಕಟ್ಟಬೇಕು, ಕಟ್ಟುತ್ತಿದ್ದಾನೆ ಕೂಡ. ಮೊದಲ ವರ್ಷದ ಬಜೆಟ್ಟಿಗಿಂತ ಖರ್ಚು ಜಾಸ್ತಿಯಾದರೆ ಆ ಕೊರತೆಯೂ ಕಾನೂನಿನ ಪ್ರಕಾರ ಅವನದ್ದೇ. ಆಮೇಲೆ? ಆ ಬಜೆಟ್ ಮಾಡಿದವನೂ ಅವನೇ ಅಲ್ವಾ. ಕಡಿಮೆ ತೋರಿಸಿದರೆ ಮನೆ ಮಾರಾಟ ಆಗುತ್ತೆ. ಎರಡನೇ ವರ್ಷದಿಂದ ಏರುತ್ತೆ, ನಿನ್ನ ಎರಡು ವರ್ಷದ ಫ್ರೀ ಮುಗಿದಮೇಲೆ ಆ ಏರಿದ ಮೇಂಟೆನೆನ್ಸ್ ನಿನ್ನ ತಲೆಗೇ.

ನೀನು ದಿನಾ ಆಫೀಸಿಗೆ ಯಂಗ್ ಮತ್ತು ಬ್ಲೂರ್ ಮೂಲೆಯಲ್ಲಿ ಇಳಿಯುತ್ತೀಯಲ್ಲ, ಅಲ್ಲಿ ತಲೆ ಎತ್ತಿ ನೋಡು. 'ದಿ ಒನ್' ಅಂತ 85 ಮಹಡಿಯ ಯೋಜನೆ, ಊರಿಗೇ ದೊಡ್ಡ ಲಕ್ಷುರಿ ಕಾಂಡೋ ಆಗಬೇಕಿತ್ತು. 2023ರ ಅಕ್ಟೋಬರಿನಲ್ಲಿ ಸಾಲ 160 ಕೋಟಿ ಡಾಲರ್ ಹತ್ತಿರ ಇದ್ದಾಗ ಬಿಲ್ಡರ್ ಜಾಗದಲ್ಲಿ ಯೋಜನೆ ನೋಡಿಕೊಳ್ಳಲು ಕೋರ್ಟ್ ರಿಸೀವರನ್ನು ಕೂರಿಸಿತು. ನಮ್ಮದು ಅಷ್ಟು ಕೆಟ್ಟಿಲ್ಲ. ಆದರೂ ಲಕ್ಷುರಿ ಅನ್ನುವ ಪದಕ್ಕೆ ಮಾರುಹೋಗಬೇಡ ಅಂತ ಹೇಳಿದೆ.

ಇನ್ನೊಂದು ಸಣ್ಣ ವಿಷಯ, ಆದರೆ ದುಡ್ಡಿನದ್ದು. ಇಲ್ಲಿ ಲ್ಯಾಂಡ್ ಟ್ರಾನ್ಸ್‌ಫರ್ ಟ್ಯಾಕ್ಸ್ ಅಂತ ಇದೆ, ನಮ್ಮ ಸ್ಟ್ಯಾಂಪ್ ಡ್ಯೂಟಿ ಥರ. ಟೊರಾಂಟೊ ಊರೊಳಗೆ ಎರಡೆರಡು, ಪ್ರಾಂತ್ಯಕ್ಕೊಂದು, ಊರಿಗೊಂದು. 7 ಲಕ್ಷದ ಮನೆಗೆ ಒಟ್ಟು 20,950. ಅದೇ 5,60,000 ಆದರೆ 15,350. ಕಾಗದದ ರೇಟು ಎತ್ತರ ಇಟ್ಟರೆ ತೆರಿಗೆಯೂ ನಿನ್ನ ತಲೆಗೇ. ಮೊದಲ ಮನೆ ಕೊಳ್ಳುವವರಿಗೆ ಇದರಲ್ಲಿ 8,475ರವರೆಗೆ ವಾಪಸ್ ಬರುತ್ತೆ. ಆದರೆ ಜಗತ್ತಿನ ಯಾವ ಮೂಲೆಯಲ್ಲೂ ಮುಂಚೆ ನಿನ್ನ ಹೆಸರಿನಲ್ಲಿ ಮನೆ ಇರಬಾರದು, ಪಾಲು ಕೂಡ. ಅಕ್ಕಾ, ಕುವೆಂಪುನಗರದ ಮನೆಯನ್ನು ಪುಟ್ಟನ ಹೆಸರಿಗೂ ಸೇರಿಸುತ್ತೇವೆ ಅಂತ ಭಾವ ಯುಗಾದಿ ಹೊತ್ತಿಗೆ ಹೇಳುತ್ತಿದ್ದರು. ಸೇರಿಸಿದ್ದೀರಾ? ಸೇರಿಸಿಲ್ಲದಿದ್ದರೆ ಸದ್ಯಕ್ಕೆ ತಡೆಯಿರಿ. ಪುಟ್ಟನಿಗೆ ಪಿಆರ್ (ಇಲ್ಲೇ ಕಾಯಂ ಆಗಿ ಇರುವ ಹಕ್ಕು) ಬಂದಿರುವುದು ಪುಣ್ಯ. ಇಲ್ಲದಿದ್ದರೆ ಪ್ರಾಂತ್ಯದವರು ಇನ್ನೂ 25% ತೆರಿಗೆ ಹಾಕುತ್ತಿದ್ದರು.

ಹಾಗಾದರೆ ಏನು ಮಾಡಲಿ ಅಂತ ಕೇಳುತ್ತೀಯ. ಆ 5,60,000ದ ಮನೆಯವರ ಹತ್ತಿರ ಮಾತಾಡು. ಅವರೂ ನನ್ನ ಥರ ಸಿಕ್ಕಿಬಿದ್ದವರು, ಇನ್ನೂ ಸ್ವಲ್ಪ ಇಳಿಸುತ್ತಾರೆ. ಆದರೆ ಸಹಿ ಮುಂಚೆ ಸ್ಟೇಟಸ್ ಸರ್ಟಿಫಿಕೇಟ್ ತರಿಸು, 100 ಡಾಲರಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದರಲ್ಲಿ ರಿಸರ್ವ್ ಫಂಡಿನಲ್ಲಿ (ಮುಂದಿನ ದೊಡ್ಡ ರಿಪೇರಿಗೆ ಎತ್ತಿಟ್ಟ ದುಡ್ಡು) ಎಷ್ಟಿದೆ, ಕೇಸು ಏನಾದರೂ ಇದೆಯಾ, ಎಲ್ಲಾ ಬರುತ್ತೆ. ಬಿಲ್ಡರ್ ಹತ್ತಿರವೇ ತಗೊಳ್ಳಬೇಕು ಅಂತಿದ್ದರೆ ಒಂದೇ ಮಾತು ಹೇಳು: ಪಾರ್ಕಿಂಗ್ ಬೇಡ, ಫ್ರೀ ಬೇಡ, ಕ್ಯಾಶ್‌ಬ್ಯಾಕ್ ಬೇಡ, ಅದೆಲ್ಲವನ್ನೂ ಬೆಲೆಯಲ್ಲಿ ಕಡಿಮೆ ಮಾಡಿ ಅಗ್ರಿಮೆಂಟಿನಲ್ಲಿ ಬರೆಯಿರಿ. ಮ್ಯಾನೇಜರನ್ನು ಕೇಳಬೇಕು ಅನ್ನುತ್ತಾರೆ. ಕೇಳಲಿ. ಇವತ್ತೇ ಸಹಿ ಹಾಕಿ, ನಾಳೆ ಆಫರ್ ಇರಲ್ಲ ಅಂತಲೂ ಅನ್ನುತ್ತಾರೆ. ಆ ಆಫರಿನ ಬೋರ್ಡು ಯುಗಾದಿಯಿಂದ ಅಲ್ಲೇ ನಿಂತಿದೆ. ಅಕಸ್ಮಾತ್ ಸಹಿ ಹಾಕಿಬಿಟ್ಟರೂ, ಬಿಲ್ಡರಿಂದ ಹೊಸ ಮನೆ ತಗೊಂಡರೆ ಹತ್ತು ದಿನದೊಳಗೆ ಬೇಡ ಅನ್ನುವ ಹಕ್ಕಿದೆ. ಹಳೆ ಮನೆಗೆ ಆ ಹಕ್ಕಿಲ್ಲ, ನೆನಪಿರಲಿ.

ನೀನು 7 ಲಕ್ಷಕ್ಕೇ ತಗೊಂಡರೆ ನನಗೇ ಲಾಭ, ಗೊತ್ತಾ? ಮುಂದಿನ ಸಲ ನಾವು ಬೇರೆ ಬ್ಯಾಂಕಿಗೆ ಸಾಲ ಬದಲಿಸುವಾಗ ನಿನ್ನ ರೇಟು ತೋರಿಸಿ ನಮ್ಮ ಮನೆಯ ಬೆಲೆ ಏರಿಸಬಹುದು. ನಿನ್ನೆ ರಾತ್ರಿ ಚಿಕ್ಕಪ್ಪ ಇದನ್ನು ತಮಾಷೆಗೆ ಹೇಳಿದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಭಾನುವಾರ ಊಟಕ್ಕೆ ಬಾ. ಬಿಸಿಬೇಳೆಬಾತ್ ಮಾಡುತ್ತೇನೆ, ಕಿಟಕಿ ತೆಗೆದಿಟ್ಟು. ಆ ಕೆಳಗಿನ ಮನೆಯನ್ನೂ ಹಾಗೇ ನೋಡಿಬರೋಣ, ಟೇಪು ನನ್ನ ಹತ್ತಿರ ಇದೆ. ಅಕ್ಕಾ, ಸೈಟಿನ ವಿಷಯಕ್ಕೆ ಬೈಯುವುದಿದ್ದರೆ ಗ್ರೂಪಿನಲ್ಲಿ ಬೇಡ, ನಿನ್ನ ಬೆಳಗಿನ ಕಾಫಿ ಹೊತ್ತಿಗೆ ಫೋನ್ ಮಾಡು, ಎದ್ದಿರುತ್ತೇನೆ. ನನ್ನ ಸ್ಟಾಪ್ ಬಂತು.